ಹುಲಿ ಕಾಣದಿದ್ದರೂ ಬಂಡೀಪುರ: ಬೆಂಗಳೂರಿಂದ ಎರಡು ದಿನದಲ್ಲಿ ಕಾಡಂಚು ಸುತ್ತುವ ಬಗೆ

ಬಂಡೀಪುರಕ್ಕೆ ಹೋಗಿಬಂದೆ ಅಂದರೆ ಬೆಂಗಳೂರಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಹುಲಿ ಸಿಕ್ತಾ?’. ಇಲ್ಲ ಅಂದರೆ ಪ್ರವಾಸವೇ ದಂಡ ಎಂಬಂತೆ ಮುಖ ಮಾಡುತ್ತಾರೆ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ, ನಿಜ. ಆದರೆ ಸಫಾರಿ ಬಸ್ಸು ಬರುವ ಹೊತ್ತಿಗೆ ಅದೇ ದಾರಿಗೆ ಬಂದು ನಿಲ್ಲಬೇಕು ಅನ್ನುವ ಕರಾರು ಅವುಗಳಲ್ಲಿ ಯಾವುದಕ್ಕೂ ಇಲ್ಲ. ಸಫಾರಿಯೇ ಇಲ್ಲದ ಕಾಲವೂ ಬರುತ್ತದೆ: 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಲಾಗಿತ್ತು. ಆಗ ಬುಕಿಂಗ್ ಮಾಡಿಕೊಂಡಿದ್ದ ಎಷ್ಟೋ ಜನ ಹೊರಡುವುದನ್ನೇ ಬಿಟ್ಟರು.

ನನ್ನ ಮಾತು ಇಷ್ಟೇ. ಸಫಾರಿ ಸಿಕ್ಕರೆ ಲಾಭ ಅಂದುಕೊಳ್ಳಿ, ಪ್ರವಾಸವನ್ನು ಕಾಡಿನ ಸುತ್ತ ಕಟ್ಟಿ. ನಂಜನಗೂಡಿನ ಗುಡಿ, ಗುಂಡ್ಲುಪೇಟೆಯ ಹೂವಿನ ಹೊಲ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ತೆರಕಣಾಂಬಿ ಕಡೆಯ ಹಳೆಯ ದೇವಸ್ಥಾನಗಳು, ವಾಪಸ್ ಬರುವಾಗ ಕೊಳ್ಳೇಗಾಲದ ದಾರಿ. ಎರಡು ದಿನಕ್ಕೆ ಇದೇ ಹೆಚ್ಚು. ಹೇಗೆ ಜೋಡಿಸಿಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ನಕ್ಷೆಗಿಂತ ಮೊದಲು ಗಡಿಯಾರ

ಬೆಂಗಳೂರಿಂದ ಬಂಡೀಪುರ ಸುಮಾರು 220 ಕಿ.ಮೀ. ಈ ದೂರ ಯಾರನ್ನೂ ಕೆಡಿಸುವುದಿಲ್ಲ, ಕೆಡಿಸುವುದು ಬಾಗಿಲು ಹಾಕುವ ಸಮಯ. ಮೂರನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಒಂದು, ಕಾಡಿನ ರಸ್ತೆ. ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ಎರಡೂ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಇರುವ ನಿಯಮ ಇದು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. 9ಕ್ಕೆ ಐದು ನಿಮಿಷ ಇದೆ ಎಂದು ಗೇಟಿನ ಹತ್ತಿರ ಹೋಗಿ ಗೋಗರೆಯುವುದರಲ್ಲಿ ಅರ್ಥವಿಲ್ಲ.

ಎರಡು, ಗೋಪಾಲಸ್ವಾಮಿ ಬೆಟ್ಟ. ಸಂಜೆ 4ರ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಬೆಟ್ಟಕ್ಕೆ ಮಧ್ಯಾಹ್ನದ ಊಟಕ್ಕಿಂತ ಮುಂಚೆ ಹೋಗಬೇಕು.

ಮೂರು, ದೇವಸ್ಥಾನಗಳು. ನಂಜನಗೂಡಿನಲ್ಲಿ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆಗೆಯುತ್ತಾರೆ. ಹಳ್ಳಿಯ ಗುಡಿಗಳಲ್ಲಿ ಅರ್ಚಕರು ಬೆಳಗಿನ ಪೂಜೆ ಮುಗಿಸಿ ಮನೆಗೆ ಹೋಗಿರುತ್ತಾರೆ, ಕೇಳಿದರೆ ಬಂದು ಬೀಗ ತೆಗೆಯುವವರೂ ಉಂಟು.

ಹಂತ 2: ಯಾವ ತಿಂಗಳು?

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನನ್ನ ಆಯ್ಕೆ. ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತಿದ ಸೂರ್ಯಕಾಂತಿ ಆಗ ಹೂ ಬಿಟ್ಟಿರುತ್ತದೆ, ಬೆಟ್ಟದ ಮೇಲೆ ಮಂಜಿರುತ್ತದೆ, ಕಾಡು ಹಸಿರಾಗಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ನೀರಿನ ಹೊಂಡಗಳ ಹತ್ತಿರ ಪ್ರಾಣಿಗಳು ಕಾಣುವ ಸಾಧ್ಯತೆ ಹೆಚ್ಚು, ಒಪ್ಪುತ್ತೇನೆ. ಆದರೆ ಬಿಸಿಲು ಜೋರು, ಕಾಡು ಒಣಗಿ ಬೂದಿಬಣ್ಣ, ಬೆಂಕಿಯ ಭಯ ಬೇರೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟಿದ್ದನ್ನು ಯಾರೂ ಮರೆತಿಲ್ಲ. ಅಕ್ಟೋಬರ್-ನವೆಂಬರ್ ಕೂಡ ಚೆನ್ನ, ಹೂವಿನ ಹೊಲದ ಆಸೆ ಮಾತ್ರ ಬಿಡಬೇಕು.

ವಾರದ ವಿಷಯಕ್ಕೆ ಬಂದರೆ, ಶನಿವಾರ-ಭಾನುವಾರ ಬಿಡುವುದಾದರೆ ಬಿಡಿ. ರಜೆ ಹಾಕಿ ಮಂಗಳವಾರ-ಬುಧವಾರ ಹೊರಟರೆ ಬೆಟ್ಟದ ಬಸ್ಸಿನ ಸಾಲು ಅರ್ಧಕ್ಕಿಂತ ಕಡಿಮೆ. ಸೋಮವಾರ ಬೇಡ, ನಂಜುಂಡನ ವಾರ ಅದು.

ಹಂತ 3: ಊರು ಬಿಡುವುದು

ಬೆಳಿಗ್ಗೆ 5ಕ್ಕೆ ಕೆಂಗೇರಿ ದಾಟಿರಬೇಕು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಹೊರಗಿನಿಂದಲೇ ದಾಟಿಸುತ್ತದೆ. ವೇಗದ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳಿವೆ. ಮೈಸೂರಿನ ಒಳಗೆ ನುಗ್ಗದೆ ರಿಂಗ್ ರಸ್ತೆ ಹಿಡಿದು ನಂಜನಗೂಡು ರಸ್ತೆಗೆ ಬಂದರೆ 8ರ ಸುಮಾರಿಗೆ ನಂಜನಗೂಡು.

ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರು ಹೊಕ್ಕು ಬರುವ ಬದಲು ಕನಕಪುರ, ಮಳವಳ್ಳಿ, ತಿ. ನರಸೀಪುರದ ಮೇಲೆ ನಂಜನಗೂಡು ಸೇರುವುದು ವಾಸಿ. ಆ ದಾರಿಯಲ್ಲಿ ಗದ್ದೆ, ಕಬ್ಬು, ಕಾವೇರಿ ಎಲ್ಲ ಜೊತೆಗಿರುತ್ತವೆ.

ತಿಂಡಿ ನಂಜನಗೂಡಿನಲ್ಲೇ ಮಾಡಿ. ಬಿಡದಿ ತಟ್ಟೆ ಇಡ್ಲಿಗೆ ಅಂತ ಎಕ್ಸ್‌ಪ್ರೆಸ್‌ವೇಯಿಂದ ಇಳಿದರೆ ಹೋಟೆಲಿನ ಕ್ಯೂನಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಅದು ನಮ್ಮ ಮನೆಬಾಗಿಲಿನ ಊರು, ಇನ್ನೊಂದು ದಿನ ಹೋಗಬಹುದು.

ಹಂತ 4: ನಂಜನಗೂಡಿನಲ್ಲಿ ಒಂದು ಗಂಟೆ

ಶ್ರೀಕಂಠೇಶ್ವರನ ಗುಡಿ ಕಪಿಲೆಯ ದಡದಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎದ್ದ ಗೋಪುರ ದೂರದಿಂದಲೇ ಕಾಣುತ್ತದೆ. ಟಿಪ್ಪುವಿನ ಪಟ್ಟದಾನೆಯ ಕಣ್ಣು ಇಲ್ಲಿ ವಾಸಿಯಾಯಿತೆಂದೂ, ಅವನು ಪಚ್ಚೆಯ ಲಿಂಗ ಕೊಟ್ಟು ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಹೇಳುವ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ.

ದರ್ಶನ ಮುಗಿಸಿದ ಕೂಡಲೇ ಕಾರು ಹತ್ತಬೇಡಿ. ಕಪಿಲೆಗೆ ಅಡ್ಡವಾಗಿ 1735ರ ಕಲ್ಲಿನ ಸೇತುವೆ ಇದೆ. ಮುಂದೆ ಅದರ ಮೇಲೆ ರೈಲೂ ಓಡಾಡಿತು. ರೈಲು ಹುಟ್ಟುವುದಕ್ಕೆ ಮುಂಚೆ ಕಟ್ಟಿದ ಸೇತುವೆ ರೈಲನ್ನು ಹೊತ್ತಿದ್ದು ಸಣ್ಣ ಮಾತಲ್ಲ. ಪೇಟೆಯಲ್ಲಿ ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಳ್ಳಿ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು, ಬೆಳೆಯುವವರು ಕಡಿಮೆಯಾಗಿದ್ದಾರೆ, ಹೆಸರು ಹೇಳಿ ಬೇರೆ ಬಾಳೆ ಮಾರುವವರೂ ಇದ್ದಾರೆ. ಹಣ್ಣನ್ನು ಡಿಕ್ಕಿಯಲ್ಲಿಡಿ. ಕಾಡಿನ ರಸ್ತೆಯಲ್ಲಿ ಕಿಟಕಿ ಹತ್ತಿರ ಬಾಳೆಹಣ್ಣು ಇಟ್ಟುಕೊಂಡರೆ ಕೋತಿಗಳಿಗೆ ಕರೆ ಕೊಟ್ಟ ಹಾಗೆ.

ಹಂತ 5: ಹೂವಿನ ಹೊಲ

ನಂಜನಗೂಡು ಬಿಟ್ಟು ಬೇಗೂರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಬದಿ ಹಳದಿ ಶುರು. ಗುಂಡ್ಲುಪೇಟೆ ದಾಟಿದ ಮೇಲೂ ಇದೆ, ನಡುನಡುವೆ ಚೆಂಡುಹೂವಿನ ಕಿತ್ತಳೆ. ಚೆಂಡುಹೂವು ದೇವರ ಮುಡಿಗೆ ಮಾತ್ರ ಹೋಗುವುದಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುತ್ತದೆ.

ಫೋಟೊ ಬೇಕೆನ್ನುವವರಿಗೆ ಒಂದು ಗುಟ್ಟು. ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುವುದು ಎಳೆಯದಾಗಿದ್ದಾಗ. ಪೂರ್ತಿ ಅರಳಿದ ಹೂವು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ನೀವು ಗುಂಡ್ಲುಪೇಟೆಗೆ ಹೋಗುವುದು ದಕ್ಷಿಣದ ಕಡೆಗೆ. ಹಾಗಾಗಿ ಬಲಗಡೆಯ ಹೊಲದ ಹೂವುಗಳು ನಿಮ್ಮನ್ನೇ ನೋಡುತ್ತಿರುತ್ತವೆ, ಎಡಗಡೆಯವು ಬೆನ್ನು ತೋರಿಸುತ್ತವೆ. ಬೆಳಗಿನ ಬಿಸಿಲು ಹೂವಿನ ಮುಖಕ್ಕೇ ಬೀಳುತ್ತದೆ. 9ರಿಂದ 10ರೊಳಗೆ ಬಲಗಡೆ ಜಾಗ ನೋಡಿ ನಿಲ್ಲಿಸಿ. ಸಂಜೆ ಬರುವಾಗ ತೆಗೆಯೋಣ ಎಂದು ಮುಂದಕ್ಕೆ ಹಾಕಿದರೆ ಹೂವಿನ ಮುಖ ನೆರಳಿನಲ್ಲಿರುತ್ತದೆ.

ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ‘ಯಜಮಾನ್ರೇ, ಎರಡು ಫೋಟೊ ತಕ್ಕೋತೀವಿ’ ಅಂದರೆ ಸಾಕು, ಒಪ್ಪುತ್ತಾರೆ. ಕೆಲವರು ಇಂತಿಷ್ಟು ಕೊಡಿ ಅನ್ನುತ್ತಾರೆ. ಓಣಂ ಹತ್ತಿರ ಕೇರಳದಿಂದ ಬರುವವರ ದಂಡೇ ಇರುತ್ತದೆ, ಎಷ್ಟು ಗಿಡ ಮುರಿಯುತ್ತದೆಂದು ಲೆಕ್ಕ ಹಾಕಿ. ಚೌಕಾಸಿ ಮಾಡದೆ ಕೊಡುವುದೇ ನ್ಯಾಯ.

ಹಂತ 6: ಗೋಪಾಲಸ್ವಾಮಿ ಬೆಟ್ಟ

ಇಡೀ ಪ್ರವಾಸದಲ್ಲಿ ಒಂದೇ ಒಂದು ಜಾಗ ನೋಡಲು ಬಿಡುವಿದೆ ಅಂದರೆ ಇದನ್ನೇ ನೋಡಿ. 1454 ಮೀಟರ್ ಎತ್ತರ, ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇದೆ. ಸಫಾರಿಗೆ ದುಡ್ಡು ಕೊಡದೆ ಕಾಡಿನ ಒಳಹೊಕ್ಕು ಬರುವ ದಾರಿ ಇದು.

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿ. ಬೆಟ್ಟದ ಬುಡದವರೆಗೆ ಮಾತ್ರ ನಿಮ್ಮ ಗಾಡಿ, ಅಲ್ಲಿಂದ ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್. ಖಾಸಗಿ ವಾಹನ ಬಿಡುವುದಿಲ್ಲ. ಇದನ್ನು ಕೇಳಿ ಮುಖ ಸಿಂಡರಿಸುವವರು ಅನೇಕರು, ನನಗಂತೂ ಇದು ಈ ಬೆಟ್ಟಕ್ಕೆ ಆದ ಅತಿ ದೊಡ್ಡ ಉಪಕಾರ ಅನ್ನಿಸುತ್ತದೆ. ಕಾರುಗಳು ಮೇಲೆ ಹೋಗುತ್ತಿದ್ದಿದ್ದರೆ ಇಷ್ಟರಲ್ಲಿ ಅಲ್ಲೊಂದು ಗೋಬಿ ಮಂಚೂರಿ ಬೀದಿ ಹುಟ್ಟಿರುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ತಿರುವುಗಳಲ್ಲಿ ಕೆಳಗೆ ಕಣಿವೆ, ಅದೃಷ್ಟವಿದ್ದರೆ ಇಳಿಜಾರಿನ ಹುಲ್ಲಿನಲ್ಲಿ ಆನೆ, ಕಾಡೆಮ್ಮೆ.

ಮೇಲಿರುವುದು ಪುಟ್ಟ ಗುಡಿ. 1315ರಲ್ಲಿ ಹೊಯ್ಸಳ ಬಲ್ಲಾಳನ ಕಾಲದಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ, ಆಮೇಲೆ ಮೈಸೂರು ಒಡೆಯರೂ ನಡೆದುಕೊಂಡರು. ಮರದಡಿ ಕೊಳಲು ಹಿಡಿದು ನಿಂತ ವೇಣುಗೋಪಾಲ. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿನ 90 ಚ.ಕಿ.ಮೀ. ಕಾಡನ್ನು ಕಾಪಿಟ್ಟಾಗ ಅದಕ್ಕೆ ಇಟ್ಟ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಬಂದಾಗ ಅದು ಬೆಳೆದು ಇಂದಿನ ಬಂಡೀಪುರವಾಯಿತು. ಅಂದರೆ ಈ ಕಾಡಿನ ಮೊದಲ ಯಜಮಾನ ಈ ಗುಡಿಯ ದೇವರೇ.

ಗರ್ಭಗುಡಿಯ ಬಾಗಿಲ ಮೇಲಿನ ಕಲ್ಲಿನಿಂದ ತಣ್ಣನೆ ನೀರು ಜಿನುಗುತ್ತದೆ, ಅದನ್ನೇ ತೀರ್ಥವಾಗಿ ಚಿಮುಕಿಸುತ್ತಾರೆ. ಹತ್ತಿರದ ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸವಾದವು, ಅದಕ್ಕೇ ಬೆಟ್ಟದಲ್ಲಿ ಕಾಗೆ ಇಲ್ಲ ಎಂಬುದು ಸ್ಥಳಪುರಾಣ. ಮಕ್ಕಳಿಗೆ ಇದನ್ನು ಬಸ್ಸಿನಲ್ಲೇ ಹೇಳಿಬಿಡಿ, ಮೇಲೆ ಹೋದ ಮೇಲೆ ಕಾಗೆ ಹುಡುಕುವುದೇ ಅವರಿಗೆ ಕೆಲಸ.

ಮಳೆಗಾಲದಲ್ಲಿ ಮಂಜು ಮುಸುಕಿ ಮುಂದಿನವರು ಕಾಣದಿರುವುದುಂಟು. ನಿರಾಶೆ ಬೇಡ, ಸ್ವಲ್ಪ ಕಾಯಿರಿ. ಗಾಳಿ ತಿರುಗಿದರೆ ಐದೇ ನಿಮಿಷದಲ್ಲಿ ಇಡೀ ಕಾಡು ಕೆಳಗೆ ತೆರೆದುಕೊಳ್ಳುತ್ತದೆ. ಒಂದು ತೆಳು ಸ್ವೆಟರ್ ಇರಲಿ. ಗುಡಿಯ ಆವರಣ ಬಿಟ್ಟು ಹುಲ್ಲುಗಾವಲಿನ ಕಡೆ ಇಳಿಯಬೇಡಿ. ಈ ಗುಡಿಗೆ ಆನೆಯೂ ಬಂದು ಹೋಗುತ್ತದೆ, ಭಕ್ತರ ನಡುವೆ ಅದು ಬಂದು ನಿಂತ ವಿಡಿಯೊ ನೀವೂ ನೋಡಿರಬಹುದು. ಊಟ-ತಿಂಡಿ ಮೇಲೆ ನಿರೀಕ್ಷಿಸಬೇಡಿ, ಪ್ಲಾಸ್ಟಿಕ್ ಒಯ್ಯಬೇಡಿ.

ಹಂತ 7: ರಾತ್ರಿ ಎಲ್ಲಿ?

ಗುಂಡ್ಲುಪೇಟೆ ಪೇಟೆಯಲ್ಲಿ ಸಾಧಾರಣ ಲಾಡ್ಜ್‌ಗಳಿವೆ. ಹಂಗಳ, ಮಂಗಲ ಹಳ್ಳಿಗಳ ಸುತ್ತ ಹೋಂಸ್ಟೇ, ರೆಸಾರ್ಟ್. ಮೇಲುಕಾಮನಹಳ್ಳಿಯಲ್ಲಿ ಜಂಗಲ್ ಲಾಡ್ಜಸ್. ಬಂಡೀಪುರದಲ್ಲಿರುವ ಅರಣ್ಯ ಇಲಾಖೆಯ ಕೊಠಡಿಗಳು ಸಿಕ್ಕರೆ ಬಿಡಬೇಡಿ, ಆದರೆ ಅವು ಚೆಕ್‌ಪೋಸ್ಟ್‌ನ ಆಚೆಗಿವೆ, ಕತ್ತಲಾಗುವ ಮುಂಚೆ ಸೇರಿಕೊಳ್ಳಬೇಕು. ಕಾಡಂಚಿನ ರೆಸಾರ್ಟಿನಲ್ಲಿ ರಾತ್ರಿ ಸ್ಪೀಕರ್ ಹಾಕಿ ಕುಣಿಯುವ ಯೋಚನೆ ಇದ್ದರೆ ಇಷ್ಟು ದೂರ ಬರುವ ಅಗತ್ಯವೇ ಇಲ್ಲ, ಕೋರಮಂಗಲದಲ್ಲೇ ಆಗುತ್ತದೆ.

ಸಫಾರಿ ಬೇಕೆಂದರೆ: 2019ರಲ್ಲಿ ಟಿಕೆಟ್ ಕೌಂಟರ್, ಬಸ್ಸು ಎಲ್ಲ ಬಂಡೀಪುರದಿಂದ ಮೇಲುಕಾಮನಹಳ್ಳಿಗೆ ಬಂದಿವೆ. ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು. ಹೊರಡುವ ಹಿಂದಿನ ದಿನ ಇಲಾಖೆಯ ವೆಬ್‌ಸೈಟ್ ನೋಡಿ ಸಫಾರಿ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಂತ 8: ಎರಡನೇ ದಿನ, ಎರಡು ದಾರಿ

ಎರಡನೇ ಬೆಳಿಗ್ಗೆ ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ತುರುಕಲು ಹೋದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ.

ಮೊದಲನೆಯದು ಕಾಡಿನ ರಸ್ತೆ. 6ಕ್ಕೆ ಗೇಟು ತೆರೆದ ಕೂಡಲೇ ಊಟಿ ರಸ್ತೆಯಲ್ಲಿ ಹೊರಟು ಕೆಕ್ಕನಹಳ್ಳ ದಾಟಿ ತಮಿಳುನಾಡಿನ ತೆಪ್ಪಕಾಡು ಆನೆ ಶಿಬಿರದವರೆಗೆ. ಬೆಳಿಗ್ಗೆ ಆನೆಗಳಿಗೆ ರಾಗಿ, ಹುರುಳಿಯ ಮುದ್ದೆ ತಿನ್ನಿಸುವುದನ್ನು ನೋಡಲು ಬಿಡುತ್ತಾರೆ, ಹೊತ್ತು ಮೀರಿದರೆ ಇಲ್ಲ. ತೆಪ್ಪಕಾಡು ನೀಲಗಿರಿ ಜಿಲ್ಲೆಗೆ ಸೇರಿದ್ದು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಮನೆಯಲ್ಲೇ ಮಾಡಿಸಿಕೊಳ್ಳಿ, ಗಡಿಯಲ್ಲಿ ನಿಂತು ನೆಟ್‌ವರ್ಕ್ ಹುಡುಕುವ ಪಾಡು ಬೇಡ. ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷಿದ್ಧ, ಸ್ಟೀಲ್ ಬಾಟಲಿ ಒಯ್ಯಿರಿ.

ಈ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಪ್ರಾಣಿಗಳಿಗೆ ತಿನ್ನಿಸುವಂತಿಲ್ಲ. ಬೆಳಗಿನ ಹೊತ್ತು ನಿಧಾನಕ್ಕೆ ಹೋದರೆ ಜಿಂಕೆ, ಮುಸುವ, ನವಿಲು ಖಂಡಿತ, ಒಮ್ಮೊಮ್ಮೆ ಸೀಳುನಾಯಿಗಳ ಹಿಂಡು. ಆನೆ ರಸ್ತೆಗೆ ಬಂದಿದ್ದರೆ ಸಾಕಷ್ಟು ಹಿಂದೆಯೇ ನಿಲ್ಲಿ. ಹಾರ್ನ್ ಬೇಡ, ಎಂಜಿನ್ ಆರಿಸಬೇಡಿ, ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಇಳಿದು ಆನೆಯ ಹತ್ತಿರ ಹೋದ ಒಬ್ಬರು ತುಳಿತದಿಂದ ಕೂದಲೆಳೆಯಲ್ಲಿ ಪಾರಾದರು. ಇಲಾಖೆ ಅವರಿಗೆ 25 ಸಾವಿರ ರೂಪಾಯಿ ದಂಡವನ್ನೂ ಹಾಕಿತು.

ಎರಡನೆಯದು ಪೂರ್ವದ ದಾರಿ. ನನಗೆ ಇದೇ ಇಷ್ಟ, ಜನವೇ ಇರುವುದಿಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆ ಹೊರಟರೆ ತೆರಕಣಾಂಬಿ. ಒಂದು ಕಾಲಕ್ಕೆ ಸೀಮೆಗೇ ಹೆಸರು ಕೊಟ್ಟ ದೊಡ್ಡ ಊರು, ಈಗ ಸಂತೆಯ ಹೋಬಳಿ ಕೇಂದ್ರ. ಪಕ್ಕದಲ್ಲೇ ತ್ರಿಯಂಬಕಪುರದ ಶಿವಾಲಯ, ಊರಿನ ಅಳತೆಗೆ ಮೀರಿದ ದೊಡ್ಡ ಗುಡಿ. ಇದೇ ಸುತ್ತಿನಲ್ಲಿ ಹುಲುಗನಮುರಡಿ ಬೆಟ್ಟ, ಮೇಲೆ ವೆಂಕಟರಮಣಸ್ವಾಮಿ. ಗೋಪಾಲಸ್ವಾಮಿ ಬೆಟ್ಟದ ನೂಕುನುಗ್ಗಲು ಇಷ್ಟವಾಗದವರಿಗೆ ಇಲ್ಲಿನ ಗಾಳಿ ಸಮಾಧಾನ ಕೊಡುತ್ತದೆ.

ಅಲ್ಲಿಂದ ನರಸಮಂಗಲ ತಪ್ಪಿಸಬೇಡಿ. ಗಂಗರ ಕಾಲದ ರಾಮೇಶ್ವರ ಗುಡಿ ಅದು. ಶಿಖರದ ಮೇಲೆ ಗಾರೆಯಲ್ಲಿ ಮಾಡಿದ ದೇವತೆಗಳ ಮೂರ್ತಿಗಳಿವೆ, ಸಾವಿರ ವರ್ಷ ಕಳೆದ ಮೇಲೂ ಮುಖಭಾವ ಉಳಿದಿದೆ. ಕಲ್ಲಿನ ಶಿಲ್ಪ ಉಳಿಯುವುದು ಸಹಜ, ಗಾರೆ ಇಷ್ಟು ಮಳೆ ತಡೆದು ನಿಂತಿರುವುದು ಅಪರೂಪ. ಸಪ್ತಮಾತೃಕೆಯರ ವಿಗ್ರಹಗಳನ್ನೂ ನೋಡಿ. ಬೇಲೂರು-ಹಳೇಬೀಡಿನ ಕುಸುರಿ ನೋಡಿ ಅಭ್ಯಾಸವಾದ ಕಣ್ಣಿಗೆ ಮೊದಲು ಸಪ್ಪೆ ಅನ್ನಿಸಬಹುದು, ಹತ್ತು ನಿಮಿಷ ಕೂತರೆ ಬೇರೆಯೇ ಕಾಣುತ್ತದೆ.

ಹಂತ 9: ವಾಪಸ್, ಆದರೆ ಬಂದ ದಾರಿಯಲ್ಲಲ್ಲ

ಭಾನುವಾರ ಸಂಜೆ ಮೈಸೂರು ಎಕ್ಸ್‌ಪ್ರೆಸ್‌ವೇ ಕೆಂಗೇರಿ ಹತ್ತಿರ ಏನಾಗುತ್ತದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ದಾರಿ ಹಿಡಿಯಿರಿ. ಚಾಮರಾಜನಗರದಲ್ಲಿ ಮುದ್ದೆ ಊಟ. ಯಳಂದೂರಿನ ಗೌರೀಶ್ವರ ಗುಡಿಯ ಬಳೆಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಯಂಥ ಕೊಂಡಿಗಳನ್ನು ನೋಡಲು ಕಾಲು ಗಂಟೆ ಸಾಕು.

ಆಮೇಲೆ ಶಿವನಸಮುದ್ರ. ಭರಚುಕ್ಕಿ, ಗಗನಚುಕ್ಕಿ ಎರಡನ್ನೂ ನೋಡುವ ಹೊತ್ತಿಲ್ಲದಿದ್ದರೆ ಕೊಳ್ಳೇಗಾಲದ ಕಡೆಯ ಭರಚುಕ್ಕಿ ನೋಡಿ. ಇಲ್ಲಿನ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ನೀರಿಗೆ ಇಳಿಯುವ ಆಸೆ ಮಾತ್ರ ಬೇಡ, ಕಾವೇರಿ ಇಲ್ಲಿ ಪ್ರತಿವರ್ಷ ಜೀವ ತೆಗೆಯುತ್ತದೆ. ಬೇಸಿಗೆಯಲ್ಲಿ ಜಲಪಾತ ಒಣಗಿರುತ್ತದೆ. ಆಗ ಸೋಮನಾಥಪುರಕ್ಕೆ ತಿರುಗಿ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಹೊಯ್ಸಳ ಗುಡಿ ಅಲ್ಲಿದೆ.

ಕಾರಿಲ್ಲದವರಿಗೆ

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಊಟಿ, ಸುಲ್ತಾನ್ ಬತ್ತೇರಿ, ಕೋಯಿಕ್ಕೋಡ್ ಬಸ್ಸುಗಳು ಗುಂಡ್ಲುಪೇಟೆಯ ಮೇಲೆ ಹೋಗುತ್ತವೆ. ಇಲ್ಲವೇ ಮೈಸೂರಿಗೆ ರೈಲು, ಅಲ್ಲಿಂದ ಗುಂಡ್ಲುಪೇಟೆಗೆ ಬಸ್. ಗುಂಡ್ಲುಪೇಟೆಗೆ ರೈಲಿಲ್ಲ, ಹಳಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ತಿರುಗುತ್ತದೆ. ಬೆಟ್ಟದ ಬುಡಕ್ಕೆ ಬಸ್ ಅಥವಾ ಆಟೊ ಸಿಗುತ್ತದೆ, ತೆರಕಣಾಂಬಿಗೆ ಬಸ್ಸಿದೆ. ನರಸಮಂಗಲಕ್ಕೆ ಆಟೊ ಮಾತಾಡಿಕೊಳ್ಳುವುದೇ ಸರಿ. ಇನ್ನೊಂದು: ಗುಂಡ್ಲುಪೇಟೆಯಲ್ಲಿ ಯಾರಾದರೂ ‘ಮದ್ದೂರು ಚೆಕ್‌ಪೋಸ್ಟ್’ ಅಂದರೆ ಅದು ವಡೆಯ ಮದ್ದೂರಲ್ಲ, ಕೇರಳದ ರಸ್ತೆಯಲ್ಲಿರುವ ಹಳ್ಳಿ.

ಕಾರಿನವರಿಗೂ ಒಂದು ಕೊನೆಯ ಮಾತು: ಗೆಳೆಯರ ಗುಂಪು ಬಂದಿದ್ದು, ಯಾರಾದರೂ ಬೆಂಗಳೂರಿನ ಇನ್ನೊಂದು ತುದಿಯವರಾದರೆ ವಾಪಸ್ ಬರುವಾಗ ಅವರನ್ನು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣದಲ್ಲಿ ಇಳಿಸಿಬಿಡಿ. ಬನಶಂಕರಿ ಟ್ರಾಫಿಕ್ಕಿನಲ್ಲಿ ನಿಲ್ಲುವುದಕ್ಕಿಂತ ಅವರು ಬೇಗ ಮನೆ ಸೇರುತ್ತಾರೆ.